ಇನ್ನೊಂದು ಕಿವಿ

ಕಿವ್ಯಾಗ ಹೆಸರು ಹೇಳೂದು ಸೋದರತ್ತಿ ಕೆಲಸ.
ನನ್ನ ಕೈಯಾಗ ತಮ್ಮ ಬರಕೊಟ್ಟ ಚೀಟಿ:
ಪ್ರಣತಿ ಗುರುಲಿಂಗ ಹಂಚಿನಾಳ.
ಎರಡು ಸಲ ತಿದ್ಯಾನ.

ಒಂದೂವರಿ ಕೇಜಿ ಹುಟ್ಟಿದ ಕೂಸು.
ಇಪ್ಪತ್ತಾರು ದಿನ ಗಾಜಿನ ಪೆಟಗಿ,
ಕಾಲಿನ ಪಟ್ಟಿಮ್ಯಾಲ ಬರೇ 'ಬೇಬಿ ಆಫ್ ಶಿವಲೀಲಾ'.
ಹೊರಗ ಬಾಕಿನ ಮ್ಯಾಲ ಕುಂತು
ಶೇಂಗಾ ಒಡಕೋತ ನಾನಽ ಅಂದಿದ್ದೆ,
'ಇಷ್ಟಽ ಅದಾಳ ನೋಡವಾ, ನಮ್ಮ ಶೇಂಗಿ.'
ಮರುದಿನ ನರ್ಸಮ್ಮನೂ ಹಂಗಽ ಕರದ್ಲು:
ಶೇಂಗಿ ಹಾಲು ಕುಡದ್ಲು,
ಶೇಂಗಿ ಇಪ್ಪತ್ತು ಗ್ರಾಮ್ ಏರಿದ್ಲು.

'ಸಾಲ್ಯಾಗ ನಗತಾರಕ್ಕಾ' ಅಂತಾನ ತಮ್ಮ.
ಖರೇನ.
ಇಂಡಿ ಸ್ಟ್ಯಾಂಡಿನಾಗ ಬಸ್ಸಿನ ಬೋರ್ಡಿಗೆ ವಿಜಯಪುರ,
ಅವ್ವ ಇನ್ನೂ 'ಎರಡು ಬಿಜಾಪುರ' ಅಂತಾಳ,
ಕಂಡಕ್ಟರ ಏನೂ ಅನ್ನದಽ
ಹರದು ಕೊಡತಾನ.

ಬೆನ್ನಿಗೆ ಗುದ್ದಾಕ ಹೆಂಗಸರು ಕೈ ಎತ್ತಿ ನಿಂತಾರ.
ಬಗ್ಗಿದೆ. ಕುಲಾವಿ ಸರಿಸಿದೆ.
ಬಜಿ ಎಣ್ಣಿ ವಾಸನಿ, ಬೆಚ್ಚನ ಕಿವಿ.
ಕುರ್ರ್... ಪ್ರಣತಿ, ಅಂದೆ.
ಕೂಸು ಕಣ್ಣು ತಗೀಲಿಲ್ಲ.

ಮೊದಲ ಗುದ್ದು ಬಿತ್ತು. ಎರಡನೇದೂ ಬಿತ್ತು.
ನಾ ಏಳಲಿಲ್ಲ.
ಇನ್ನೊಂದು ಕಿವಿ ಇತ್ತಲ್ಲ.