ಗ್ವಾಡಿ ಈಚೀಕಡೆ

ಮೂವತ್ತೊಂದು ವರ್ಷ ಆತು,
ಗದಗಿನ ಟಾಕೀಸಿನ ಹಿಂದಿನ ಗ್ವಾಡಿಗೆ ಒಲಿ ಹೂಡಿ.
ಒಂದು ಪಿಚ್ಚರೂ ಪೂರಾ ನೋಡಿಲ್ಲ.
ಕೇಳೇನಿ.

ಮೊದಲಿಗೆ ದೇವರ ಪಿಚ್ಚರ್.
ಶಂಖ ಊದಿತಂದ್ರ ಹಿಟ್ಟು ಕಲಸೂದು,
ಗುಡುಗು ಬಡೀತಂದ್ರ, ಅಂದ್ರ ಶಾಪ, ಎಣ್ಣಿ ಇಡೂದು,
ಹಂಡೆಗಟ್ಟಲೆ ಅಳು ಮುಗಿಯೂದರಾಗ
ಮೊದಲನೇ ಘಾಣ ಬುಟ್ಟ್ಯಾಗ.

ಆಮ್ಯಾಲೆ ಅದ ಶಾಪ ಡಾಕೂನ ಬಾಯಾಗ ಬಂತು.
ಶಂಖದ ಜಾಗಾದಾಗ ಕುದರಿ.
ಕುದರಿ ಹೋಗಿ ಫಟಫಟಿ.
ಬೋರ್ಡಿನ ಮ್ಯಾಲೆ ಹೆಸರು ಬದಲಾಗತಿದ್ದವು,
ನನಗೆಲ್ಲಿ ಓದಾಕ ಬರತದ.
ತಾಯಿ ಮಾತ್ರ ಆಕೀನ. ಅದ ಕೆಮ್ಮು.
ಕೆಮ್ಮು ಕೇಳಿದ ಕೂಡಲೆ ಮೆಣಸಿನಕಾಯಿ ಸೀಳತಿದ್ದೆ.

ಒಂದು ಶುಕ್ರವಾರ
ಇಂಟರ್ವಲ್ಲಿನ ಮುಂಚಿನ ಬಡದಾಟ ಬರಲೇ ಇಲ್ಲ.
ಗ್ವಾಡಿಗೆ ಕಿವಿ ಹಚ್ಚಿದೆ:
ಯಾರೋ ಒಬ್ಬಾಕಿ ಭಾಂಡೆ ತಿಕ್ಕೋ ಸಪ್ಪಳ, ಅಷ್ಟ.
ಎಣ್ಣಿ ಹೊಗಿ ಎದ್ದು ಮಿರ್ಚಿ ಕರ್ರಗಾದ್ವು.
ಹೊರಗ ಬಂದ ಮಂದಿ ಪಿಟ್ಟೆನ್ನಲಿಲ್ಲ,
ಕರ್ರಗಿನ್ವನ್ನ ತಿಂದ್ರು,
ರೊಕ್ಕಾನೂ ಕೊಟ್ರು.

ಗೇಟಿನ ಮೌಲಾಸಾಬ ಅಂದ,
"ಫಕೀರವ್ವಾ, ಇದರಾಗ ಡಾಕು ಗಂಡ ಆಗ್ಯಾನ.
ಒದರೂದಿಲ್ಲ. ಪೇಪರ್ ಓದತಾನ."

ಮರುದಿನ ಒಲಿ ಸಣ್ಣ ಮಾಡಿ ಕುಂತೆ.
ಭಾಂಡೆ. ನಳ. ಮತ್ತ ಭಾಂಡೆ.
ಪೇಪರಿನ ಹಾಳಿ ಮಗುಚಿದ್ದು.
ನಡುವ ಒಮ್ಮೆ, ಸಣ್ಣಗ,
ತಿಕ್ಕೋದು ನಿಲ್ಲಸದಽ
ಆಕಿ ಕೆಮ್ಮಿದ್ಲು.

ಎಲಾ ಇಕೀನ,
ಇಲ್ಲಿ ಬಂದು ಕುಂತೀ ಏನು!
ಮೆಣಸಿನಕಾಯಿಗೆ ಕೈ ಹಾಕಿದೆ.