ಐದು ಗೀಟು

ಎರಡು ಗೀಟು ಹಾಕಿದರೆ ಅಕ್ಷರ ವಾಲುತ್ತದೆ,
ಮೂರು ಹಾಕಿದರೆ ದಪ್ಪಗಾಗುತ್ತದೆ,
ಐದಾದರೆ ಎರಡೂ.
ಇಷ್ಟು ಕಲಿಯಲು ಒಂದು ಮಧ್ಯಾಹ್ನ ಸಾಕಾಯಿತು,
ಬಳ್ಳಾರಿ ಕೌಲ್ ಬಜಾರಿನ ನಮ್ಮ ಮಹಡಿ ಮೇಲೆ
ಕರೆಂಟು ಹೋಗಿ ಬರುವಷ್ಟರಲ್ಲಿ.

ಯಾರು ಬೇಕಾದರೂ ತಿದ್ದಬಹುದಾದ ಆ ದೊಡ್ಡ ಕೋಶಕ್ಕೆ
ನಮ್ಮ ಓಣಿಯ ಜೀನ್ಸ್ ಬಗ್ಗೆ ಬರೆಯುತ್ತಿದ್ದೆ.
ಕಾಜಾ ಅನ್ನುವುದು ದಪ್ಪ ಬೇಕಿತ್ತು,
ಕಾಜಾ ಪಟ್ಟಿ ಪೂರ್ತಿ ವಾಲಬೇಕಿತ್ತು,
ಸಾಲಿನ ನೆತ್ತಿಗೇ ಇಟ್ಟೆ:

'''''

ಇದರಲ್ಲಿ ಮೊದಲ ಮೂರು ಒಂದು ಮನೆಯವೋ,
ಮೊದಲ ಎರಡೋ?
ಐದಕ್ಕೂ ಒಂದೇ ಎತ್ತರ, ಒಂದೇ ಮೈ,
ಒಂದೇ ಕಿರುಬೆರಳು ಹೆತ್ತದ್ದು.
ಮುಂದೆ ಯಾವುದು ಮೊದಲು ಮುಚ್ಚೀತೆಂದು ಕಾದು
ಆಮೇಲೆ ಹಿಂದಿನದನ್ನು ನಿರ್ಧರಿಸುತ್ತದೆ ಯಂತ್ರ.
ಅಲ್ಲಿಯವರೆಗೆ ಪದಕ್ಕೆ ತಾನೇನೆಂದು ಗೊತ್ತಿಲ್ಲ.

ಅಬ್ಬಾ ಚಾಕ್ಕೆಂದು ಮೇಲೆ ಬಂದರು.
ನಲವತ್ತು ವರ್ಷ ಮಿಷನ್ನಿನ ಕಡೆಗೇ ವಾಲಿದ ಹೆಗಲು.
ಪರದೆಗೆ ಕನ್ನಡಕ ಚಾಚಿ,
"ಇದೇನು, ಬಾರ್‌ಟ್ಯಾಕ್ ಹಾಕೀಯೇನು?"
ಜೇಬಿನ ಮೂಲೆಯಲ್ಲಿ, ಎಲ್ಲಿ ಎಳೆತ ಜಾಸ್ತಿಯೋ ಅಲ್ಲಿ,
ಒತ್ತೊತ್ತಾಗಿ ಬೀಳುತ್ತದಲ್ಲ, ಆ ಹೊಲಿಗೆ.
ವಿವರಿಸಿದೆ. ಸಾಸರಿಗೆ ಸುರಿದುಕೊಂಡು ಊದಿದರು.
"ಮ್ಯಾಲಿನ ಹೊಲಿಗಿ ಮೊದ್ಲ ಬಿಚ್ಚಬೇಕು, ತಳಗಿಂದು ಆಮ್ಯಾಲೆ.
ಅಡ್ಡ ಬಿಚ್ಚಿದ್ರ ಬಟ್ಟಿ ಹರೀತೈತಿ. ಅಷ್ಟ."

ನಾನು ಅಡ್ಡ ಬಿಚ್ಚಿದ್ದೆ.
ದಪ್ಪ ಮುಚ್ಚುವಲ್ಲಿ ಎರಡೇ ಗೀಟು, ವಾಲಿದ್ದು ಮುಚ್ಚುವಲ್ಲಿ ಮರೆವು.
ಪರದೆಯ ಮೇಲೆ ಕನ್ನಡ ಕುಡಿದವನಂತೆ ನಿಂತಿತ್ತು:
ತಲೆಕಟ್ಟು ಟೋಪಿಯ ಹಾಗೆ ಜಾರಿ,
ಒತ್ತಕ್ಷರಗಳು ಯಾರದೋ ಚಪ್ಪಲಿ ಮೆಟ್ಟಿಕೊಂಡು.
ನಮ್ಮ ಅಕ್ಷರ ವಾಲಲಿಕ್ಕೆ ಹುಟ್ಟಿದ್ದಲ್ಲ.

ಇನ್ನೂ ಇದೆ ಕೇಳಿ ಅಂದೆ.
ವಾಲಿದ್ದಕ್ಕೂ ದಪ್ಪದ್ದಕ್ಕೂ ಜೋಡಿ ಸಿಗದೆ ಲೆಕ್ಕ ಬೆಸವಾದರೆ
ಯಂತ್ರ ಒಂದು ಮೂರನ್ನು ಒಡೆದು ಎರಡು ಮಾಡುತ್ತದೆ.
ಯಾವ ಮೂರು?
ಮೊದಲು ಹುಡುಕುವುದು
ಒಂದೇ ಅಕ್ಷರದ ಪದದ ಬೆನ್ನಿಗೆ ನಿಂತದ್ದನ್ನು.
ಆ, ಈ, ಓ, ಅಂಥ ಸಣ್ಣವರ ಬೆನ್ನಿಗೆ.

ಅಬ್ಬಾ ನಕ್ಕದ್ದಕ್ಕೆ ಚಾ ಚೆಲ್ಲಿತು.
"ನಮ್ಮ ಶೇಟು ಬರದಂಗೈತಿ ಈ ಕಾನೂನು."
ಪೀಸಿನ ಲೆಕ್ಕ ತಪ್ಪಿದ ಶನಿವಾರ
ಕಟಿಂಗ್ ಮಾಸ್ತರನನ್ನು ಯಾರೂ ಕೇಳುವುದಿಲ್ಲ.
ದಾರದ ತುದಿ ಕತ್ತರಿಸುವ ಯರ್ರೆಮ್ಮನ ಕೂಲಿಯಲ್ಲಿ ಮುರಕೊಳ್ಳುತ್ತಾರೆ.
ಅವಳು ಒಂಟಿ.

ಒಂದು ಕರುಣೆಯೂ ಇದೆ ಈ ಯಂತ್ರಕ್ಕೆ.
ಸಾಲು ಮುಗಿದ ಕೂಡಲೇ
ಮುಚ್ಚದೆ ಬಿಟ್ಟದ್ದೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ,
ಈ ಸಾಲಿನ ತಪ್ಪು ಕೆಳಗಿನ ಸಾಲಿಗೆ ಇಳಿಯುವುದಿಲ್ಲ.
ಕಿಟಕಿಯಾಚೆ ವಾಷಿಂಗ್ ಯೂನಿಟ್ಟಿನ ನೀಲಿ ನೀರು
ನಮ್ಮ ಓಣಿ ದಾಟಿ, ಪಕ್ಕದ ಓಣಿ ದಾಟಿ
ಹೋಗುತ್ತಲೇ ಇತ್ತು.

ಸಂಜೆ, ಕೆಲಸದವರ ಪಟ್ಟಿಗೆ ಯರ್ರೆಮ್ಮನ ಹೆಸರು ಸೇರಿಸಿದೆ.
ದಪ್ಪಕ್ಷರದಲ್ಲಿ.
ಆತುರಕ್ಕೆ ಮೂರರ ಬದಲು ನಾಲ್ಕು ಬಿದ್ದವು.
ನಾಲ್ಕಾದರೆ ಮೂರನ್ನು ಒಳಗೆ ಕರೆದು
ಒಂದನ್ನು ಹೊಸ್ತಿಲಲ್ಲೇ ಬಿಡುತ್ತದೆ,
ಬರೀ ಗೀಟಾಗಿ, ಎಲ್ಲರಿಗೂ ಕಾಣುವಂತೆ.

ಅವಳನ್ನೇ ಮೇಲೆ ಕರೆದು ತೋರಿಸಿದೆ.
ಓದು ಬಾರದು. ಬಹಳ ಹೊತ್ತು ನೋಡಿದಳು,
ಕಪ್ಪಗೆ ಉಬ್ಬಿ ನಿಂತ ಆ ನಾಲ್ಕು ಅಕ್ಷರಗಳನ್ನಲ್ಲ,
ಅದರ ಎಡಕ್ಕೆ, ಮೇಲ್ಗಡೆ, ನೇತಾಡುತ್ತಿದ್ದದ್ದನ್ನು.
"ಒಂದು ದಾರ ಉಳದೈತಲ್ಲವ್ವಾ,"
ಅಂದಳು. ಕೈ ಆಗಲೇ ಸೊಂಟದ ಕತ್ತರಿಗೆ ಹೋಗಿತ್ತು.