ಎರಡೂವರೆ ಗಂಟೆ ಬಾಕಿ

ಡಿಸೆಂಬರ್ ಮೂವತ್ತೊಂದು, ರಾತ್ರಿ ಎಂಟು ಹತ್ತು.
ನಾರ್ತ್ ಡಕೋಟಾದ ಈ ಊರಿನಲ್ಲಿ ಈಗ ಬೆಳಕಿರುವುದು ಮೂರೇ ಕಡೆ:
ಧಾನ್ಯದ ಗೋಪುರದ ನೆತ್ತಿ, ಗುಸ್ಟಾಫನ ಬಾರು,
ಮತ್ತು ಕ್ಲಿನಿಕ್ಕಿನ ಹಿಂದಿನ ಕೋಣೆ. ಅಲ್ಲಿ ನಾನು,
ಕೋಟು ತೆಗೆಯದೆ.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.

ಎರಡು ವರ್ಷಕ್ಕೆ ನೂರು ಗಂಟೆ ಓದಬೇಕು,
ಓದಿದ್ದಕ್ಕೆ ಪುರಾವೆ ಬೇಕು.
ಇಲ್ಲದಿದ್ದರೆ ಗೋಡೆಯ ಮೇಲೆ
'ಫಿಸಿಷಿಯನ್ ಅಸಿಸ್ಟೆಂಟ್' ಅನ್ನುವ ಕಾಗದ ಬರೀ ಕಾಗದ.
ನನ್ನ ಲೆಕ್ಕದಲ್ಲಿ ತೊಂಬತ್ತೇಳೂವರೆ.

ಉಳಿದದ್ದು ಎಲ್ಲಿ ಹೋಯಿತು ಅಂದರೆ,
ಅಕ್ಟೋಬರಿನ ಫಾರ್ಗೋ ಸಮ್ಮೇಳನ, ಕೊನೆಯ ಮಧ್ಯಾಹ್ನ,
ಹೋಟೆಲಿನ ಹಾಸಿಗೆಯಲ್ಲಿ ಬೂಟು ಸಮೇತ ನಿದ್ದೆ ಹೋದೆ.
ಆ ವರ್ಷ ಯಾರೂ ಬಾಗಿಲು ತಟ್ಟದ ಮಧ್ಯಾಹ್ನ ಅದೊಂದೇ.
ನಿದ್ದೆಗೆ ಅಂಕವಿಲ್ಲ.

ಅಂಕವಿಲ್ಲದ್ದು ಬೇಕಾದಷ್ಟಿದೆ.
ಹಿಮಗಾಳಿಗೆ ಆಂಬುಲೆನ್ಸ್ ಬಾರದ ರಾತ್ರಿ
ಕೇಲಿ ಹೌಗೆನ್ ಹೆತ್ತದ್ದು ಇದೇ ಮೇಜಿನ ಮೇಲೆ.
ಈ ದೂರನ್ನು ಇಪ್ಪತ್ತು ವರ್ಷದಿಂದ ಹಾಡುತ್ತಿದ್ದೇನೆ,
ಗುರುವಾರ ಮಾತ್ರ ಬರುವ ಡಾಕ್ಟರ ಎದುರು:
ದಿನಾ ಕಲಿಯುವವಳಿಗೆ ಕಲಿಸುವ ಆಟ ಯಾಕೆ?
ಅವರು ನಗುತ್ತಾರೆ, ಸಹಿ ಹಾಕುತ್ತಾರೆ,
ಮುಂದಿನ ಊರಿಗೆ ಹೋಗುತ್ತಾರೆ.

ಸರಿ. ಮೊದಲನೆಯದು: ನೋವಿನ ಮಾತ್ರೆ ಬರೆಯುವ ನಿಯಮ. ಒಂದು ಗಂಟೆ.
ಕಂಠಪಾಠ. ನಡುವೆ ಸೂಪು ಬಿಸಿ ಮಾಡಿಕೊಂಡೆ.
ಎರಡನೆಯದರ ಹೆಸರೂ ನೋಡಲಿಲ್ಲ,
ಒಂದೂವರೆ ಗಂಟೆ ಅಂತಿತ್ತು, ಒತ್ತಿದೆ.

ಪ್ರಶ್ನೆ ಏಳು.
ಐವತ್ತೆಂಟರ ಗಂಡಸು. ಸುಸ್ತು.
ತೋರುಬೆರಳು, ನಡುಬೆರಳು, ಎರಡರ ಬುಡದ ಗೆಣ್ಣಿನಲ್ಲೂ ನೋವು.
ಸಕ್ಕರೆ ಈಚೆಗೆ ಏರಿದೆ. ಮೈಬಣ್ಣ ತಾಮ್ರ.
ಅಣ್ಣ ಲಿವರ್ ಕೆಟ್ಟು ಸತ್ತ, ಕುಡಿಯುತ್ತಿರಲಿಲ್ಲ.
ನಿಮ್ಮ ನಿರ್ಧಾರವೇನು?

'ಸವೆದ ಕೀಲು' ಅಂತ ಒತ್ತಿದೆ, ಯೋಚಿಸದೆ.
ನಾಲ್ಕು ವರ್ಷದಿಂದ ಅದನ್ನೇ ಒತ್ತುತ್ತ ಬಂದಿದ್ದೇನೆ.
ಕೆಂಪು ಗೆರೆ. ತಪ್ಪು.
ಮೈಯಲ್ಲಿ ಕಬ್ಬಿಣ ಕೂಡುತ್ತಿದೆ, ಅಂದಿತು ಪರದೆ,
ಉತ್ತರ ಯೂರೋಪಿನ ವಂಶಗಳಲ್ಲಿ ಅಪರೂಪವೇನಲ್ಲ.

ಈ ಊರಿನ ಸ್ಮಶಾನದಲ್ಲಿ ಬೇರೆ ವಂಶವೇ ಇಲ್ಲ.

ಆರ್ವಿಡ್ ಟೊಲೆಫ್ಸನ್.
ಧಾನ್ಯದ ಲಾರಿಗಳನ್ನು ತೂಗುವವನು.
ಕೈ ಕುಲುಕುವಾಗ ಎರಡು ಬೆರಳು ಮಡಿಸುತ್ತಿರಲಿಲ್ಲ,
ಅವನ ಠೀವಿ ಅಂದುಕೊಂಡಿದ್ದೆ.
'ಎಲ್ಲಿಗೆ ಹೋಗಿದ್ದಿ, ಫ್ಲಾರಿಡಾಕ್ಕಾ?' ಅಂತ
ಅವನ ಮುಖ ನೋಡಿ ಗೇಲಿ ಮಾಡಿದವಳು ನಾನೇ.
ಜನವರಿಯಲ್ಲಿ ಬಿಸಿಲು ಎಲ್ಲಿತ್ತು?
ಅವನ ಅಣ್ಣ ನೆಲ್ಸ್,
ಚರ್ಚಿನ ಕಾಫಿಗಿಂತ ಗಟ್ಟಿಯಾದದ್ದನ್ನು ಮುಟ್ಟದವನು,
ಹೊಟ್ಟೆ ಉಬ್ಬಿ ಸತ್ತಾಗ ಊರು ಗುಸುಗುಸು ಅಂದಿತು:
ಕದ್ದು ಕುಡಿಯುತ್ತಿದ್ದನಂತೆ.
ನಾನೂ ತಲೆಯಾಡಿಸಿದೆ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಅನ್ನುತ್ತಾರೆ.
ಹುಣ್ಣು ಇನ್ನೊಬ್ಬನ ಕೈಯಲ್ಲಿತ್ತು,
ಆ ಕೈ ನನ್ನ ಕೈಯಲ್ಲಿತ್ತು.

ಹತ್ತಕ್ಕೆ ಎಂಟು. ಪಾಸು.
ಪ್ರಿಂಟರ್ ಕೆಮ್ಮಿ ಪ್ರಮಾಣಪತ್ರ ಉಗುಳಿತು,
ಮಸಿ ಸಾಲದೆ ನನ್ನ ಹೆಸರಿನ ಬಾಲ ಮಾಸಿತ್ತು.
ನೂರು ತುಂಬಿತು.
ಇನ್ನೆರಡು ವರ್ಷ ಯಾರೂ ನನ್ನನ್ನು ಕೇಳುವಂತಿಲ್ಲ.

ಹತ್ತು ಐವತ್ತಕ್ಕೆ ಫೋನ್ ಮಾಡಿದೆ.
'ಹೊಸ ವರ್ಷ ಇನ್ನೂ ಬಂದಿಲ್ಲ, ಮಾರಿಟ್,' ಅಂದ, ನಿದ್ದೆಗಣ್ಣಲ್ಲಿ.
ಬಂದಿಲ್ಲ, ಅಂದೆ.
ನಾಳಿದ್ದು ಬೆಳಿಗ್ಗೆ ಏನೂ ತಿನ್ನದೆ ಬಾ. ರಕ್ತ ಬೇಕು.
'ಎಷ್ಟು?'
ಈಗ ಒಂದೆರಡು ಸಣ್ಣ ಸೀಸೆ.
ನನ್ನ ಊಹೆ ಸರಿಯಾದರೆ, ಆಮೇಲೆ ವಾರಕ್ಕೊಂದು ಚೀಲ.

ಅವನು ಸುಮ್ಮನಾದ.
ಅವನ ಹಿಂದೆ ಟೀವಿಯಲ್ಲಿ ನ್ಯೂಯಾರ್ಕ್
ಹತ್ತು ನಿಮಿಷದಲ್ಲಿ ಹೊಸದಾಗುವುದರಲ್ಲಿತ್ತು.
'ನೆಲ್ಸ್‌ಗೂ ಇದೇನಾ?'

ಇರಬಹುದು, ಅಂದೆ.
ಆಮೇಲೆ, ಬಹಳ ಹೊತ್ತಿನ ಮೇಲೆ: ಇದೇ.

ಪರದೆ ಇನ್ನೂ ಉರಿಯುತ್ತಿತ್ತು.
ಕೊನೆಯದಾಗಿ ಒಂದು ಅಭಿಪ್ರಾಯ, ಕಡ್ಡಾಯವಲ್ಲ:
ಈ ಪಾಠದಿಂದ ನಿಮ್ಮ ಕೆಲಸದ ರೀತಿ ಬದಲಾಗಬಹುದೇ?
ಒಂದರಿಂದ ಐದರೊಳಗೆ ಗುರುತು ಹಾಕಿ.